ಒಂದೇ ಸಾಲಿನ ಕಂಟೇನರ್

ಮಾಹಿತಿ ತುಂಬಿಡುವ ಡೇಟಾಬೇಸ್ ಕಂಟೇನರ್ ಶುರು ಮಾಡಲು ಇಪ್ಪತ್ತೆರಡು ಹೆಜ್ಜೆ ಯಾಕೆ, ಕಂಪ್ಯೂಟರಿಗೆ ಒಂದೇ ಸಾಲಿನ ಆದೇಶ ಸಾಕು ಎಂದು ಅವಸರಪ್ಪ ಮೀಟಿಂಗಿನಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಅವಸರಪ್ಪ ಎಂಬುದು ಆಫೀಸಿನವರು ಇಟ್ಟ ಹೆಸರು. ಹೆತ್ತವರು ಇಟ್ಟದ್ದು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು.

"ಹಾಗಾದ್ರೆ ಇವತ್ತೇ ಮಾಡಿ ತೋರಿಸಿ," ಎಂದರು ಮ್ಯಾನೇಜರ್. "ನಾಲ್ಕು ಗಂಟೆಗೆ ಗ್ರಂಥಾಲಯದವರು ಬರ್ತಾರೆ. ಅವರು ನಮ್ಮ ಸಾಫ್ಟ್‌ವೇರ್ ಒಪ್ಪಿದ್ರೆ ಟೀಮ್ ಲೀಡ್ ಪಟ್ಟ ನಿಮ್ಮದೇ."

ಹೊಸದಾಗಿ ಸೇರಿದ ಹುಡುಗಿಯ ಕಂಪ್ಯೂಟರಿನಲ್ಲೇ ಪರೀಕ್ಷೆ. ಸುತ್ತ ಇಡೀ ಆಫೀಸು ನೆರೆಯಿತು. ಅವಸರಪ್ಪ ತನ್ನ ಸಾಲು ಬರೆದು ಎಂಟರ್ ಒತ್ತಿದ. ಕೆಂಪಕ್ಷರ ಬಂತು: ಇದೇ ಹೆಸರಿನ ಕಂಟೇನರ್ ಈಗಾಗಲೇ ಇದೆ.

"ಸರ್, ಅದು..." ಎಂದಳು ಹುಡುಗಿ.

"ಸುಮ್ನೆ ನೋಡಿ ಕಲೀರಿ. ಯಾರೋ ಬಿಟ್ಟುಹೋದ ಕಸ," ಎಂದ ಅವಸರಪ್ಪ. ಹಳೆಯದನ್ನು ಬುಡಸಮೇತ ಅಳಿಸಿ ಹೊಸದನ್ನು ಶುರು ಮಾಡುವಂತೆ ಸಾಲನ್ನು ತಿದ್ದಿದ. "ಇನ್ಮೇಲೆ ಈ ತೊಂದ್ರೆ ಯಾರಿಗೂ ಇರಲ್ಲ."

ಒತ್ತಿದ. ಕಂಟೇನರ್ ಚಕ್ಕನೆ ಶುರುವಾಯಿತು. ಚಪ್ಪಾಳೆಯೋ ಚಪ್ಪಾಳೆ.

ಜನ ಚದುರಿದ ಮೇಲೆ ಹುಡುಗಿ ಮೆಲ್ಲಗೆ ಹೇಳಿದಳು: "ಸರ್, ಆ ಕಸ ನಾನು ಬೆಳಿಗ್ಗೆ ಹಾಕಿದ್ದು. ಗ್ರಂಥಾಲಯದವರಿಗೆ ತೋರಿಸೋಕೆ ಅಂತ ಅರವತ್ತು ಪುಸ್ತಕದ ವಿವರ ತುಂಬಿದ್ದೆ."

ಅವಸರಪ್ಪನಿಗೆ ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣ ಎನಿಸಿತು. "ಮೊದ್ಲೇ ಹೇಳ್ಬಾರ್ದಿತ್ತಾ?"

"ನೋಡಿ ಕಲೀತಾ ಇದ್ದೆ ಸರ್."

ಊಟಕ್ಕೂ ಏಳದೆ, ಯಾರಿಗೂ ಮುಖ ತೋರಿಸದೆ, ಅರವತ್ತು ಪುಸ್ತಕಗಳ ವಿವರವನ್ನೂ ತಾನೇ ಕೂತು ಕೀಲಿಮಣೆಯಲ್ಲಿ ಕುಟ್ಟಿದ. ಹುಡುಗಿ ಪಕ್ಕದಲ್ಲಿ ನಿಂತು ಒಂದೊಂದನ್ನೇ ಓದಿ ಹೇಳಿದಳು. ಅವಳು ಒಂದು ಮಾತು ಬೈದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಕೊನೆಯದು ಮುಗಿಯಿತು.

ಗ್ರಂಥಾಲಯದವರು ಬಂದರು. ಪರದೆಯ ತುಂಬ ಪುಸ್ತಕಗಳನ್ನು ಕಂಡು ಹಿರಿಯ ಗ್ರಂಥಪಾಲಕಿ ತಲೆದೂಗಿದರು. ಬದುಕಿದೆಯಾ ಬಡಜೀವವೇ ಎಂದು ಅವಸರಪ್ಪ ಉಸಿರುಬಿಟ್ಟ.

"ಇನ್ನೊಂದು ವಿಶೇಷ ನೋಡಿ ಮೇಡಂ, ಇದನ್ನೆಲ್ಲ ಶುರು ಮಾಡೋಕೆ ನಮಗೆ ಒಂದೇ ಸಾಲು ಸಾಕು!" ಎನ್ನುತ್ತ ಮ್ಯಾನೇಜರ್, ಅವಸರಪ್ಪ "ಸರ್, ಬೇಡ" ಎನ್ನುವಷ್ಟರಲ್ಲಿ ಅದೇ ಸಾಲನ್ನು ಮತ್ತೆ ಹಾಕಿ ಎಂಟರ್ ಒತ್ತಿಬಿಟ್ಟರು.

ಕಂಟೇನರ್ ಚಕ್ಕನೆ ಶುರುವಾಯಿತು. ಪುಸ್ತಕ ಒಂದೂ ಇರಲಿಲ್ಲ.

"ಪುಸ್ತಕಗಳೆಲ್ಲಿ ಹೋದ್ವು?" ಎಂದರು ಗ್ರಂಥಪಾಲಕಿ. "ಇದನ್ನ ಮಾಡಿದವರು ಯಾರು?"

ಸಂಭ್ರಮದಲ್ಲಿದ್ದ ಮ್ಯಾನೇಜರಿಗೆ ಎರಡನೇ ಪ್ರಶ್ನೆ ಮಾತ್ರ ಕೇಳಿಸಿತು. ಅವಸರಪ್ಪನ ಬೆನ್ನು ತಟ್ಟಿ ಹೆಮ್ಮೆಯಿಂದ ಮುಂದಕ್ಕೆ ತಳ್ಳಿದರು. "ಇವರೇ ಮೇಡಂ!"