ಕೆಂಪು ರಬ್ಬರಿನ ಕೈಗವಸು

ಮದುವೆಯಾಗುವ ಹೆಣ್ಣಿಗೆ ಗಂಡನ ಜೊತೆಗೆ ಅವನದೊಂದು ಖಯಾಲಿಯೂ ಗಂಟುಬೀಳುತ್ತದೆ. ಇದನ್ನು ಹೆಣ್ಣು ನೋಡಲು ಬಂದ ದಿನ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ದೊಡ್ಡಕ್ಕನ ಗಂಡನಿಗೆ ಪಾರಿವಾಳದ ಹುಚ್ಚು, ಸಣ್ಣಕ್ಕನ ಗಂಡನಿಗೆ ನಾಟಕದ ಹುಚ್ಚು. ಪಾರಿವಾಳಕ್ಕೆ ಎರಡು ಹಿಡಿ ಜೋಳ ಚೆಲ್ಲಿದರೆ ಒಬ್ಬಳ ಕೆಲಸ ಮುಗಿಯಿತು. ಮುಖದ ಬಣ್ಣ ತೆಗೆಯಲು ಒಂದು ಬಟ್ಟಲು ಕೊಬ್ಬರಿ ಎಣ್ಣೆ ಕೊಟ್ಟರೆ ಇನ್ನೊಬ್ಬಳದು ಮುಗಿಯಿತು. ನನ್ನ ಪಾಲಿಗೆ ಬಂದದ್ದು ಫುಟ್‌ಬಾಲ್. ಅದರಲ್ಲೂ ಗೋಲು ಕಾಯುವ ಕೆಲಸ.

ನಿಪ್ಪಾಣಿಯಿಂದ ನಮ್ಮೂರು ಐಗಳಿಗೆ ಹೆಣ್ಣು ನೋಡಲು ಬಂದಾಗ ಮಧ್ಯಸ್ಥಿಕೆಗೆ ಬಂದ ಮಾವ, ಹುಡುಗ ತಂಬಾಕಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ಗುಮಾಸ್ತ, ಸುಪಾರಿ ಚಟವೂ ಇಲ್ಲ, ಊರ ತಂಡಕ್ಕೆ ಗೋಲಿ ಎಂದು ಪರಿಚಯಿಸಿದ್ದ. ನಿಪ್ಪಾಣಿ ಕಡೆ ಗೋಲ್‌ಕೀಪರನಿಗೆ ಗೋಲಿ ಎನ್ನುತ್ತಾರೆ. ನಮ್ಮ ಅಜ್ಜಿಗೆ ಅದೆಲ್ಲಿ ಗೊತ್ತು? ಇಪ್ಪತ್ತಾರು ವರ್ಷದ ಗಂಡಸು ಇನ್ನೂ ಗೋಲಿಯಾಡುತ್ತಾನೆಂದು ತಿಳಿದು ಒಳಮನೆಗೆ ಬಂದು ನನ್ನ ಅವ್ವನ ಹತ್ತಿರ ಚಿಂತೆ ಮಾಡಿದಳು. ನಾನು ಬಾಗಿಲ ಸಂದಿಯಿಂದ ನೋಡಿದ್ದು ಅವರ ಕೈಗಳನ್ನು ಮಾತ್ರ. ಅವಲಕ್ಕಿ ತಟ್ಟೆ ಹಿಡಿದ ಎಡಗೈಯ ಕಿರುಬೆರಳು ಉಳಿದ ನಾಲ್ಕರ ಮೇಲೆ ಮುನಿಸಿಕೊಂಡಂತೆ ಹೊರಗೆ ತಿರುಗಿತ್ತು. ಅಪ್ಪ ಮಷೀನಿಗೆ ಸಿಕ್ಕಿತ್ತೇ ಎಂದು ಕೇಳಿದರು. ಚೆಂಡು ಬಡಿದದ್ದೆಂದು ಅವರು ನಾಚಿಕೊಂಡು ಹೇಳಿದರು. ಆ ಬೆರಳನ್ನು ನೋಡಿಯೇ ನಾನು ಒಪ್ಪಿದೆ ಎಂದರೆ ಈಗಲೂ ನನ್ನ ಅಕ್ಕಂದಿರು ನಗುತ್ತಾರೆ.

ನಾನು ಹೋದ ಹೊಸತರಲ್ಲಿ, ಅಂದರೆ ಎಂಬತ್ತರ ದಶಕದ ಆರಂಭದಲ್ಲಿ, ಅವರು ಬರಿಗೈಯಲ್ಲೇ ಆಡುತ್ತಿದ್ದರು. ಹೆಚ್ಚೆಂದರೆ ಬೆರಳಿಗೆ ದವಾಖಾನೆಯ ಪಟ್ಟಿ ಸುತ್ತಿಕೊಳ್ಳುವುದು. ಚೆಂಡಾದರೋ ಚರ್ಮದ್ದು. ಮಳೆಯಲ್ಲಿ ನೆನೆದರೆ ಹಿಟ್ಟಿನ ಗಂಟಿನ ಹಾಗೆ ಭಾರ. ಗ್ಯಾರೇಜಿನ ಗೆಳೆಯನೊಬ್ಬ ಕರುಣೆಯಿಂದ ವೆಲ್ಡಿಂಗ್ ಮಾಡುವವರ ಕೈಗವಸು ಕೊಟ್ಟ. ಅದು ಚರ್ಮದ್ದು ಎಂದು ತಿಳಿದ ಕೂಡಲೇ ನಮ್ಮತ್ತೆ ಬಾಗಿಲಲ್ಲಿ ನಿಂತರು. ನಮ್ಮದು ಜೈನರ ಮನೆ, ಚರ್ಮದ ವಸ್ತು ಹೊಸ್ತಿಲು ದಾಟುವಂತಿಲ್ಲ. ಹಾಗಾದರೆ ಚೆಂಡು ಯಾವುದರದು ಎಂದು ಪಕ್ಕದ ಮನೆಯವರು ಕಾಲೆಳೆದರು. ಮಗ ಬಾಳಾಸಾಹೇಬನನ್ನು ಬಾಳೂ ಎಂದೇ ಕರೆಯುವ ನಮ್ಮತ್ತೆ ಒಂದು ನಿಮಿಷವೂ ತಡೆಯಲಿಲ್ಲ.

"ಅದನ್ನ ಒದೀತಾರ, ಇದನ್ನ ಹಾಕ್ಕೋತಾರ. ನಮ್ಮ ಬಾಳೂ ಹಿಡೀತಾನ ಖರೆ, ಆದ್ರ ಹಿಡದ ಕೂಡ್ಲೆ ಒಗೀತಾನ."

ಇಂಥ ತೀರ್ಪಿನ ಮೇಲೆ ಅಪೀಲು ಎಲ್ಲಿಗೆ ಹೋಗಬೇಕು? ಕೈಗವಸುಗಳು ದನದ ಕೊಟ್ಟಿಗೆಯ ಗೂಟಕ್ಕೆ ಹೋದವು. ಎರಡೇ ದಿನದಲ್ಲಿ ಒಂದನ್ನು ನಾಯಿ ಒಯ್ದಿತು.

ನಾನಾಗ ಊರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಅಕ್ಕೋರು. ಹೊಲಿಗೆ ಕಲಿಸುವವಳ ಗಂಡ ಬರಿಗೈಯಲ್ಲಿ ಆಡುವುದೇ ಎಂಬ ಸೊಕ್ಕು ನನ್ನದು. ಅಂಗಡಿಯಿಂದ ನೀಲಿ ಉಣ್ಣೆ ತಂದು, ಎರಡು ವಾರ ಕೂತು, ಮಣಿಕಟ್ಟಿಗೆ ಬಿಳಿ ಪಟ್ಟಿ ಕೊಟ್ಟು, ಒಂದು ಜೋಡಿ ಹೆಣೆದೆ. ಅವರು ಹಾಕಿಕೊಂಡು ಕೈ ತಿರುಗಿಸಿ ತಿರುಗಿಸಿ ನೋಡಿದರು. ಕೊಲ್ಲಾಪುರದ ತಂಡವೊಂದು ಆಡಲು ಬಂದ ಭಾನುವಾರ ನಾನು ಮೈದಾನದ ಪಕ್ಕದ ವಖಾರದ ಮಾಳಿಗೆಯಲ್ಲಿ ಇಬ್ಬರು ಅಕ್ಕೋರ ಜೊತೆ ಸೀರೆಯ ಸೆರಗು ಬಿಗಿದು ನಿಂತೆ. ಅರ್ಧ ಆಟಕ್ಕೆ ಮಳೆ ಹಿಡಿಯಿತು. ಉಣ್ಣೆ ನೀರು ಕುಡಿದು ಉಬ್ಬಿತು. ದೂರದಿಂದ ಬಂದ ಚೆಂಡನ್ನು ನಮ್ಮವರು ಎರಡೂ ಕೈಯಿಂದ ಸರಿಯಾಗಿಯೇ ಹಿಡಿದರು. ಚೆಂಡು ನಿಲ್ಲಲಿಲ್ಲ. ಎಡಗೈಯ ಕೈಗವಸನ್ನು ತನ್ನ ಜೊತೆಗೇ ಎಳೆದುಕೊಂಡು ನಿಧಾನಕ್ಕೆ ಉರುಳುತ್ತ ಹೋಗಿ ಬಲೆಯಲ್ಲಿ ಬಿತ್ತು. ನನ್ನ ಬಿಳಿ ಪಟ್ಟಿ ಕೆಸರಲ್ಲಿ ಎದ್ದು ಕಾಣುತ್ತಿತ್ತು. ಜನ ನಕ್ಕ ನಗು ಮಾಳಿಗೆಯವರೆಗೂ ಬಂತು. ಮುಂದೆ ಆರು ತಿಂಗಳು ಅವರನ್ನು ಊರಲ್ಲಿ ಯಾರೂ ಬಾಳಾಸಾಹೇಬ ಎನ್ನಲಿಲ್ಲ, ಸ್ವೆಟರ ಎಂದರು.

ಅವರು ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಮನೆಗೆ ಬಂದು, ಕೈಗವಸು ಹಿಂಡಿ ಹಗ್ಗದ ಮೇಲೆ ಹಾಕಿ, "ಉಣ್ಣಿ ಛಲೋ ಐತಿ. ಚಳಿಗಾಲಕ್ಕ ಆಕ್ಕಾವ" ಎಂದರು. ಆ ದಿನ ನಾನು ರೊಟ್ಟಿ ಬಡಿಯುತ್ತ ಕಣ್ಣೀರು ಹಾಕಿದೆ. ಹೊಗೆ ಎಂದು ನಮ್ಮತ್ತೆ ತಿಳಿದರು.

ಮತ್ತೆ ಬರಿಗೈ. ಮುಂದಿನ ಬೇಸಿಗೆಯಲ್ಲಿ ಬಲಗೈಯ ಉಂಗುರದ ಬೆರಳಿನ ಕೀಲು ತಪ್ಪಿತು. ವಖಾರದಲ್ಲಿ ಒಂದು ತಿಂಗಳು ಪೆನ್ನು ಹಿಡಿಯಲಾಗದೆ ಎಡಗೈಯಲ್ಲಿ ಬರೆದರು. ಆ ಅಕ್ಷರಗಳನ್ನು ಮರುದಿನ ಅವರಿಂದಲೇ ಓದಲಾಗುತ್ತಿರಲಿಲ್ಲ. ಸಾವಕಾರರು ಒಳ್ಳೆಯ ಮನುಷ್ಯ, ಆದರೆ ವ್ಯಾಪಾರಸ್ಥರು. ಇನ್ನೊಂದು ಬೆರಳು ಹೋದರೆ ಬೇರೆ ಗುಮಾಸ್ತನನ್ನು ನೋಡಿಕೊಳ್ಳುತ್ತೇನೆ, ಆಟವೋ ಬರವಣಿಗೆಯೋ ಒಂದನ್ನು ಆರಿಸಿಕೋ ಎಂದರು. ನಮ್ಮವರು ಊಟ ಮಾಡುತ್ತ ಇದನ್ನು ಬೇರೆ ಯಾರದೋ ಸುದ್ದಿಯಂತೆ ಹೇಳಿದರು. ಆಡುವುದನ್ನು ಬಿಡುತ್ತೇನೆ ಎಂದೂ ಹೇಳಿದರು. ಅದನ್ನು ಕೇಳಿ ನನಗೆ ಖುಷಿಯಾಗಬೇಕಿತ್ತು. ಭಾನುವಾರ ಸಂಜೆ ಮನೆಯಲ್ಲಿ ಕೂತು ಗೋಡೆ ನೋಡುವ ಗಂಡನನ್ನು ಎರಡು ವಾರ ಕಂಡ ಮೇಲೆ ನನಗೇ ತಡೆಯಲಾಗಲಿಲ್ಲ.

ಕೊಲ್ಲಾಪುರದ ಒಬ್ಬ ಗೋಲಿಯ ಕೈಗವಸಿಗೆ ಅಂಗೈಯಲ್ಲಿ ಮೊಡವೆಯಂಥ ಗುಳ್ಳೆಗಳಿರುವ ರಬ್ಬರು ಇದೆ, ಚೆಂಡು ಅಂಟಿಕೊಂಡಂತೆ ನಿಲ್ಲುತ್ತದೆ ಎಂದು ಅವರು ಯಾವಾಗಲೋ ಹೇಳಿದ್ದರು. ಅಂಥ ರಬ್ಬರನ್ನು ನಾನು ಎಲ್ಲೋ ಮುಟ್ಟಿದ್ದೇನೆ ಎನ್ನಿಸುತ್ತಿತ್ತು. ಶಾಲೆಯ ಆಟದ ಕಪಾಟು ಒರೆಸುವಾಗ ಹೊಳೆಯಿತು. ಅದರ ಕೀಲಿ ನನ್ನ ಹತ್ತಿರವೇ ಇರುತ್ತಿತ್ತು. ಹೊಲಿಗೆಯವಳಿಗೆ ಕೆಲಸ ಕಡಿಮೆ ಎಂಬುದು ಶಾಲೆಯ ಮುಖ್ಯಸ್ಥೆ ದೊಡ್ಡ ಅಕ್ಕೋರ ನಂಬಿಕೆ. ಕಪಾಟಿನಲ್ಲಿ ಇಲಾಖೆಯಿಂದ ಬಂದ ಟೇಬಲ್ ಟೆನ್ನಿಸ್ ಬ್ಯಾಟುಗಳಿದ್ದವು. ಟೇಬಲ್ಲನ್ನು ಜೋಡಿಸುವುದು ಯಾರಿಗೂ ಬಾರದೆ ಅದು ಗೋಡೆಗೊರಗಿ ವರ್ಷಗಳಾಗಿದ್ದವು. ಕೆಂಪು ರಬ್ಬರು, ಮೈತುಂಬ ಗುಳ್ಳೆ. ನಾನು ಕತ್ತರಿ ತೆಗೆದುಕೊಂಡೆ. ಅದಕ್ಕಿಂತ ಮೊದಲು, ಅದರ ನಂತರ, ಬೇರೆಯವರ ಒಂದು ಗುಂಡುಸೂಜಿಯನ್ನೂ ನಾನು ಮನೆಗೆ ತಂದವಳಲ್ಲ.

ಊಟದ ಮಣೆಯ ಮೇಲೆ ಅವರ ಕೈ ಇಡಿಸಿ ಸೀಮೆಸುಣ್ಣದಿಂದ ಗೆರೆ ಎಳೆದೆ. ಕಿರುಬೆರಳಿನ ಸೊಟ್ಟವನ್ನೂ ಬಿಡಲಿಲ್ಲ. ಹಳೆಯ ಖಾಕಿ ಬಟ್ಟೆ, ನಡುವೆ ಕೌದಿಯ ಅರಿವೆಯ ಮೆತ್ತೆ, ಅಂಗೈಗೆ ಕೆಂಪು ರಬ್ಬರು. ಸೈಕಲ್ ಪಂಚರಿಗೆ ಹಚ್ಚುವ ಸೊಲ್ಯೂಷನ್ ಬಳಿದು, ಅಂಚಿಗೆ ಎರಡೆಳೆ ದಾರದ ಹೊಲಿಗೆ ಹಾಕಿದೆ. ನಮ್ಮತ್ತೆ ಮೂಸಿ ನೋಡಿ ಚರ್ಮವೇ ಎಂದು ವಿಚಾರಿಸಿದರು. ಗಿಡದ ಹಾಲಿನಿಂದ ಆಗುವ ರಬ್ಬರು ಎಂದೆ. ಗಿಡದ್ದಾದರೆ ಒಳಗೆ ಬರಲಿ ಎಂದು ಹಪ್ಪಳದ ಡಬ್ಬಿಯ ಪಕ್ಕದಲ್ಲೇ ಜಾಗ ಕೊಟ್ಟರು. ರಬ್ಬರು ಎಲ್ಲಿಂದ ಬಂತೆಂದು ನಮ್ಮವರು ಕೇಳಿದರು. ಶಾಲೆಯ ಹಳೆಯ ಸಾಮಾನು ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಆ ಕೈಗವಸಿನಿಂದ ಅವರು ಎಷ್ಟು ಗೋಲು ತಡೆದರೆಂದು ನಾನು ಹೇಳಿದರೆ ಹೆಂಡತಿಯ ಮಾತಾಗುತ್ತದೆ. ರಾಯಬಾಗದಿಂದ, ಅಥಣಿಯಿಂದ ಬಂದ ತಂಡದವರು ಆಟ ಮುಗಿದ ಮೇಲೆ ಎಲ್ಲಿ ಕೊಂಡಿರಿ ಎಂದು ಅವರನ್ನು ಸುತ್ತುವರಿಯುತ್ತಿದ್ದರು ಎಂಬುದನ್ನಷ್ಟೇ ಹೇಳುತ್ತೇನೆ. ಬೆರಳುಗಳು ಉಳಿದವು, ಗುಮಾಸ್ತಿಕೆಯೂ ಉಳಿಯಿತು. ಸಾವಕಾರರೇ ಕುರ್ಚಿ ತರಿಸಿ ಮೈದಾನದ ಅಂಚಿನಲ್ಲಿ ಕೂರತೊಡಗಿದರು.

ಇಷ್ಟಾಗುವಾಗ ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಲೆಕ್ಕಪಾಠ ನೋಡಿದರು, ಹೊಲಿಗೆ ನೋಡಿದರು, ಆಮೇಲೆ ಆಟದ ಸಾಮಾನು ನೋಡಬೇಕೆಂದರು. ನಾನೇ ಕಪಾಟಿನ ಕೀಲಿ ತೆಗೆದೆ. ಎರಡು ಬ್ಯಾಟುಗಳು ಬೋಳಾಗಿ ರೊಟ್ಟಿ ಮಗುಚುವ ಹಲಗೆಯ ಹಾಗೆ ಬಿದ್ದಿದ್ದವು. ದೊಡ್ಡ ಅಕ್ಕೋರು ನನ್ನ ಮುಖ ನೋಡಿದರು. ನೌಕರಿ ಹೋಯಿತು, ಹೆಸರೂ ಹೋಯಿತು ಎಂದುಕೊಂಡೆ. ಬಾಯಿ ತಾನಾಗಿ, "ಇಲಿ ತಿಂದಾವ್ರಿ, ಸರ್" ಎಂದುಬಿಟ್ಟಿತು. ಸಾಹೇಬರು ಬೋಳು ಕಟ್ಟಿಗೆಯ ಮೇಲೆ ಬೆರಳಾಡಿಸಿದರು, ಭಾಳ ಅಚ್ಚುಕಟ್ಟಾಗಿ ತಿಂದಿವೆ ಎಂದು ಗೊಣಗಿ, ಕಪಾಟು ಮುಚ್ಚಿ ಹೊರಟುಹೋದರು.

ಮುಂದಿನ ಭಾನುವಾರ ಆಟ ಮುಗಿದು ನಾನು ಮಾಳಿಗೆಯಿಂದ ಇಳಿದು ಬಂದರೆ, ಅದೇ ಸಾಹೇಬರು ನಮ್ಮವರ ಎದುರು ನಿಂತು ಕೈಗವಸನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ. ನಮ್ಮವರು ಹಿರಿಹಿರಿ ಹಿಗ್ಗಿ, ಮನೆಯಲ್ಲೇ ಹೊಲಿದದ್ದೆಂದು ನನ್ನನ್ನು ತೋರಿಸಿದರು. ನಾನು ಸೆರಗು ಹೊದ್ದು ನಮಸ್ಕಾರ ಮಾಡಿದೆ. ಸಾಹೇಬರು ಕೆಂಪು ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ, ಅಂಚಿನ ಹೊಲಿಗೆ ನೋಡಿ, ಕೈಗವಸನ್ನು ನನ್ನ ಕೈಗೇ ಕೊಟ್ಟರು.

"ನಿಮ್ಮ ಸಾಲ್ಯಾಗಿನ ಇಲಿಗೆ ಹೊಲಿಗಿ ಛಲೋ ಬರ್ತೈತ್ರಿ, ಅಕ್ಕೋರ."

ಅಷ್ಟೇ ಅಂದು ಸೈಕಲ್ ಹತ್ತಿದರು. ವರದಿಯಲ್ಲಿ ಏನು ಬರೆದರೋ, ಯಾರೂ ನನ್ನನ್ನು ಕರೆಯಲಿಲ್ಲ. ಪಗಾರವಾದ ದಿನವೇ ಕೊಲ್ಲಾಪುರದ ಬಸ್ಸು ಹತ್ತಿ ಎರಡು ಹೊಸ ಬ್ಯಾಟು ತಂದು ಕಪಾಟಿನಲ್ಲಿಟ್ಟೆ. ಟೇಬಲ್ಲನ್ನು ಮಾತ್ರ ಯಾರೂ ಜೋಡಿಸಲಿಲ್ಲ.

ಮುಂದಿನ ಕೆಲವು ವರ್ಷ ರಬ್ಬರು ಸವೆದಂತೆ ನಾನು ತೇಪೆ ಹಾಕುತ್ತ ಹೋದೆ, ಈ ಸಲ ಕೊಂಡು ತಂದ ರಬ್ಬರಿನಿಂದ. ತೊಂಬತ್ತು ದಾಟಿದ ಮೇಲೆ ಅಂಗಡಿಯ ಕೈಗವಸುಗಳು ಬಂದವು. ಪುಣೆಯಲ್ಲಿದ್ದ ನಾದಿನಿ ತನ್ನ ಅಣ್ಣನಿಗೆಂದು ಒಂದು ಜೋಡಿ ತಂದಳು. ಬಿಳಿ, ದಪ್ಪ, ಮುಟ್ಟಿದರೆ ಸ್ಪಂಜಿನ ಹಾಗೆ ಮೆತ್ತಗೆ. ಅವುಗಳ ಉಪಚಾರ ಮಾತ್ರ ವಿಪರೀತ. ಸಾಬೂನು ತಾಗಬಾರದು, ಬಿಸಿಲು ತಾಗಬಾರದು, ಬೆಚ್ಚನೆಯ ನೀರಲ್ಲಿ ತೊಳೆದು ನೆರಳಲ್ಲಿ ಆರಿಸಬೇಕು. ಬಾಣಂತಿಗೂ ಇಷ್ಟು ಪಥ್ಯ ಇರಲಿಲ್ಲ ಎಂದರು ನಮ್ಮತ್ತೆ. ಮೊದಲ ಸಲ ಹಾಕಿಕೊಂಡು ನಮ್ಮವರು ಅಂಗೈಗೆ ಎಂಜಲು ಉಗುಳಿ ಉಜ್ಜಿದರು, ಈಗಿನ ಗೋಲಿಗಳೆಲ್ಲ ಹಿಡಿತಕ್ಕಾಗಿ ಹಾಗೆಯೇ ಮಾಡುತ್ತಾರಂತೆ. ಅದನ್ನು ಕಂಡ ನಮ್ಮತ್ತೆ ಹಪ್ಪಳದ ಡಬ್ಬಿಯನ್ನೇ ಬೇರೆ ಕಡೆ ಸರಿಸಿದರು.

ಖರೆ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚು. ಆ ಕೈಗವಸು ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ. ಸೂಜಿಯ ಡಬ್ಬಿ ಸುಮ್ಮನೆ ಕೂತಿತ್ತು. ಯಾರೂ ಇಲ್ಲದಾಗ ಅದನ್ನು ತಿರುವಿ, ಹೊಲಿಗೆಯಲ್ಲಿ ಐಬು ಹುಡುಕಿದೆ. ಕಡೆಗೆ ಬಲಗೈಯ ಹೆಬ್ಬೆರಳಿನ ಬುಡದಲ್ಲಿ ಒಂದು ದಾರ ಹೊರಗೆ ಬಂದಿರುವುದು ಕಂಡಿತು. ಎಷ್ಟು ಸಂತೋಷವಾಯಿತೆಂದರೆ, ಸಂಜೆಗತ್ತಲಲ್ಲೇ ಕೂತು ಎರಡೆಳೆ ದಾರದಲ್ಲಿ ಹತ್ತು ಗಟ್ಟಿ ಹೊಲಿಗೆ ಹಾಕಿ, ಗಂಟು ಬಿಗಿದು, ಇಟ್ಟಲ್ಲೇ ಇಟ್ಟೆ.

ಮರುದಿನ ಚಿಕ್ಕೋಡಿಯವರ ಜೊತೆ ಆಟ. ಮೈದಾನಕ್ಕಿಳಿದು ಹಾಕಿಕೊಂಡರೆ ಹೆಬ್ಬೆರಳು ಒಳಗೆ ಹೋಗಲೊಲ್ಲದು. ಅಷ್ಟರಲ್ಲಿ ಸೀಟಿ ಊದಿಯಾಗಿತ್ತು. ಹೆಬ್ಬೆರಳನ್ನು ತೋರುಬೆರಳಿನ ಮನೆಯಲ್ಲೇ ತುರುಕಿಕೊಂಡು ನಿಂತರು, ಅರ್ಧ ಆಟಕ್ಕೆ ಎರಡು ಗೋಲು ತಿಂದರು. ಆಮೇಲೆ ಹಲ್ಲಿನಿಂದ ದಾರ ಕಡಿದು ಉಳಿದದ್ದನ್ನು ಉಳಿಸಿದರಂತೆ. ಮನೆಗೆ ಬಂದು, ನನ್ನ ಎರಡೆಳೆ ದಾರದ ತುಂಡು ಇನ್ನೂ ನೇತಾಡುತ್ತಿದ್ದ ಕೈಗವಸನ್ನು ನನ್ನ ಮುಂದೆ ಇಟ್ಟರು. ನಾನು ಬಾಯಿ ತೆರೆಯುವ ಮೊದಲೇ, "ಕಂಪನಿಯವ್ರು ಹೊಲದಿದ್ದು ನೋಡ ಹೆಂಗ ಐತಿ. ನೀ ಹೊಲದಿದ್ರ ಹಿಂಗ ಆಕ್ಕಿತ್ತೇನು?" ಎಂದರು.

ಹೌದ್ರಿ ಎಂದೆ.

ಅದರ ಮರುವರ್ಷ ಅವರು ಆಡುವುದನ್ನು ಬಿಟ್ಟರು. ಈಗ ಯಾರಾದರೂ ಹೊಸ ಕೈಗವಸು ಕೊಂಡು ಅವರಿಗೆ ತೋರಿಸಲು ಬಂದರೆ, ಬಣ್ಣ ನೋಡಬ್ಯಾಡ, ಮೊದಲು ಹೆಬ್ಬೆರಳು ಹಾಕಿ ನೋಡು, ಕಂಪನಿಯವರನ್ನು ನಂಬಬೇಡ ಎಂದು ಆ ಆಟದ ಕಥೆಯನ್ನು ಮೊದಲಿನಿಂದ ಹೇಳುತ್ತಾರೆ. ಅವರು ಎರಡನೆಯ ಗೋಲಿನವರೆಗೆ ಬರುವಷ್ಟರಲ್ಲಿ ನಾನು ಒಳಗೆ ಹೋಗಿ ಎಲ್ಲರಿಗೂ ಚಹಾಕ್ಕೆ ಇಡುತ್ತೇನೆ. ನಮ್ಮವರ ಕಪ್ಪಿಗೆ ಒಂದು ಚಮಚ ಸಕ್ಕರೆ ಹೆಚ್ಚೇ ಬೀಳುತ್ತದೆ.