ಕಾರಿನ ಹೊಟ್ಟೆಗೆ ಕಟ್ಟಿದ ತಗಡು

ಯಾವುದನ್ನೂ ಮೇಲ್ನೋಟಕ್ಕೆ ನಂಬಬಾರದು, ಅದರ ಅಡಿಯನ್ನು ಕಂಡ ಮೇಲೆಯೇ ಬೆಲೆ ಕಟ್ಟಬೇಕು ಎಂದು ಬಲ್ಲವರು ಹೇಳುತ್ತ ಬಂದಿದ್ದಾರೆ. ಹಾಗೆ ಹೇಳಿದ ಬಲ್ಲವರಲ್ಲಿ ಒಬ್ಬರೂ ಕಾರಿನ ಅಡಿಯಲ್ಲಿ ಅಂಗಾತ ಮಲಗಿದವರಲ್ಲ. ಮಲಗಿದ್ದರೆ, ಮೊದಲು ಬಾಯಿ ಮುಚ್ಚಿಕೊಳ್ಳಿ, ಅಲ್ಲಿ ಸತ್ಯಕ್ಕಿಂತ ಮುಂಚೆ ಎಣ್ಣೆ ಬೀಳುತ್ತದೆ ಎಂದಷ್ಟೇ ಹೇಳುತ್ತಿದ್ದರು.

ನಾನು ಅಲ್ಲಿ ಮಲಗುವ ಪ್ರಸಂಗ ಬಂದದ್ದು ನನ್ನ ಅಡ್ಡಹೆಸರಿನಿಂದ. ನಾನು ಧಾರವಾಡದ ಕಡೆಯ ದೇಸಾಯಿ. ವಿಮಾ ಕಚೇರಿಯವರು ನನ್ನನ್ನು ಅಹಮದಾಬಾದಿಗೆ ವರ್ಗ ಮಾಡಿದಾಗ, ಗುಜರಾತಿನಲ್ಲೂ ಓಣಿಗೊಬ್ಬ ದೇಸಾಯಿ ಇದ್ದಾನೆಂದು ಯಾರೂ ಎಚ್ಚರಿಸಲಿಲ್ಲ. ಬೇರೆ ಕನ್ನಡಿಗರನ್ನು ಇಲ್ಲಿಯ ಜನ ಹಿಂದಿಯಲ್ಲಿ ಮಾತಾಡಿಸುತ್ತಾರೆ. ನನ್ನ ಹೆಸರು ಕೇಳಿದ್ದೇ ತಡ, ತರಕಾರಿಯವಳಿಂದ ಹಿಡಿದು ನಮ್ಮ ಸಾಹೇಬರವರೆಗೆ ಎಲ್ಲರೂ ಗುಜರಾತಿಯ ಕಟ್ಟೆ ಒಡೆದುಬಿಡುತ್ತಿದ್ದರು. ನನಗೆ ತಿಳಿಯುವುದಿಲ್ಲ ಎಂದು ಬಂದ ಹೊಸತರಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಆಮೇಲೆ ಹೇಳುವುದಕ್ಕೆ ನಾಚಿಕೆಯಾಯಿತು. ಗಂಭೀರವಾಗಿ ತಲೆಯಾಡಿಸುವುದನ್ನು ರೂಢಿ ಮಾಡಿಕೊಂಡೆ. ನಿವೃತ್ತನಾಗಿ ಇಲ್ಲೇ ನವರಂಗಪುರದಲ್ಲಿ ಉಳಿದ ಮೇಲೂ ನನ್ನ ಸಾಮಾಜಿಕ ಜೀವನ ಪೂರ್ತಿ ನಿಂತಿರುವುದು ಆ ತಲೆಯಾಡಿಕೆಯ ಮೇಲೆ. ನನಗೆ ಬಂದ ಅಷ್ಟಿಷ್ಟು ಗುಜರಾತಿ ಅಡುಗೆಮನೆಯ ಬಾಗಿಲಿನಿಂದ ಬಂದದ್ದು. ನೆರೆಯ ಹೆಂಗಸರು ನನ್ನ ಹೆಂಡತಿ ಸುಮಿತ್ರಾಳಿಗೆ ಬೇಳೆ ಮಾಡುವುದನ್ನು ಕಲಿಸುತ್ತಿದ್ದರು. 'ಗೋಳ್ ನಾಖೋ' ಎಂದರೆ ಬೆಲ್ಲ ಹಾಕಿ. 'ಮೀಠು ನಾಖೋ' ಎಂದರೆ, ಸಿಹಿಯಲ್ಲ, ಉಪ್ಪು ಹಾಕಿ. ಬೇಳೆಗೆ ಬೆಲ್ಲ ಹಾಕುವುದನ್ನು ಸುಮಿತ್ರಾ ಕಡೆಗೂ ಒಪ್ಪಲಿಲ್ಲ. ನಾನು ಮಾತ್ರ 'ನಾಖೋ' ಎಂದರೆ ಹಾಕುವುದು ಎಂದು ಕಲಿತುಬಿಟ್ಟೆ.

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಹರ್ಷದಭಾಯಿ ಇದ್ದರು. ನರೋಡಾದಲ್ಲಿ ಅವರದೊಂದು ಬಣ್ಣದ ಕಾರ್ಖಾನೆ. ಸಂಜೆ ಮನೆಗೆ ಬಂದಾಗ ಅವರ ಕಿವಿಯ ಹಿಂದೆ ಆ ದಿನ ಯಾವ ಬಣ್ಣ ತಯಾರಾಯಿತೆಂಬುದು ತಿಳಿಯುತ್ತಿತ್ತು. ಮಿತವ್ಯಯದ ಮನುಷ್ಯ, ಹಾಲಿನ ಪೊಟ್ಟಣ ತೊಳೆದು ಒಣಹಾಕುವವರು. ಇಂಥವರು ಬದುಕಿನಲ್ಲಿ ಒಂದೇ ಒಂದು ಹುಚ್ಚುತನ ಮಾಡಿದರು. ಸೂರತ್ತಿನ ಒಬ್ಬ ಸೀರೆ ಗಿರಣಿಯವರಿಂದ ಜರ್ಮನಿಯ ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡರು. ಎರಡೇ ಬಾಗಿಲು, ಆಮೆಯಂತೆ ಬೆನ್ನು, ಇಂಜಿನ್ನು ಡಿಕ್ಕಿಯಲ್ಲಿ. ಆ ಇಂಜಿನ್ನಿಗೆ ನೀರು ಬೇಡ, ಗಾಳಿಯಿಂದಲೇ ತಣ್ಣಗಾಗುತ್ತದೆ. ಅಹಮದಾಬಾದಿನ ಮೇ ತಿಂಗಳಲ್ಲಿ ಗಾಳಿಯಿಂದ ತಣ್ಣಗಾದ ಪ್ರಾಣಿ ಒಂದೂ ಇಲ್ಲವೆಂದು ನಾನು ಹೇಳಿದೆ. ಅವರು ನಕ್ಕರು. ಕಾರು ಕೊಂಡ ದಿನ ಹೆಂಡತಿ ಕೋಕಿಲಾಬೆನ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೂರತ್ತಿನ ಸಮುದ್ರದ ದಾರಿಯಲ್ಲಿ ಓಡಿಸಿದ್ದರಂತೆ. ಆಕೆ ಕಿವಿ ಮುಚ್ಚಿಕೊಂಡು, "ಇದು ಕಾರೋ, ನಿಮ್ಮ ಕಾರ್ಖಾನೆಯೋ?" ಎಂದು ಕೂಗಿದ್ದರಂತೆ. ಆಕೆ ತೀರಿಕೊಂಡು ಬಹಳ ವರ್ಷಗಳಾದವು. ಅವರು ಆ ಕಾರಿನ ಸುದ್ದಿ ತೆಗೆದಾಗಲೆಲ್ಲ ಈ ಮಾತು ಬರುತ್ತಿತ್ತು, ಕೇಳಿ ಕೇಳಿ ನನಗೂ ತಿಳಿಯುವಂತಾಗಿತ್ತು.

ಈ ಬೇಸಿಗೆಯಲ್ಲಿ ಹರ್ಷದಭಾಯಿ ಹಾಸಿಗೆ ಹಿಡಿದರು. ಆಸ್ಪತ್ರೆಯ ವೈದ್ಯರು ಅವರ ಮಗಳು ಹೇತಲ್‌ಳಿಗೆ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಆ ಮಾತಿಗೆ ಎಲ್ಲ ಭಾಷೆಗಳಲ್ಲೂ ಅರ್ಥ ಒಂದೇ. ಒಂದು ಸಂಜೆ ನೋಡಲು ಹೋದಾಗ ಅವರು ನನ್ನ ಕೈಗೆ ಕಾರಿನ ಕೀಲಿ ಕೊಟ್ಟು, ವಡೋದರಾದ ತಮ್ಮ ಮೆಕ್ಯಾನಿಕ್ ಇರ್ಫಾನ್‌ಭಾಯಿಯ ಬಳಿ ಒಯ್ಯುವಂತೆ ಹೇಳಿದರು. ಆಮೇಲೆ ಕಿಟಕಿಯ ಕಡೆ ಕೈ ತೋರಿಸುತ್ತ, ಉಸಿರು ಸಾಲದೆ ತಡೆತಡೆದು, ಗುಜರಾತಿಯಲ್ಲಿ ಬಹಳ ಹೊತ್ತು ಏನೋ ಹೇಳಿದರು. ನನಗೆ ಸಿಕ್ಕಿದ್ದು ಕಡೆಯ ಮಾತು: "ಪೇಲಾ ಪತರಾ ಕಾಢೀ ನಾಖೋ." ಪೇಲಾ ಎಂದರೆ ಆ. ಪತರಾ ಎಂದರೆ ನಮ್ಮ ಕಡೆಯ ಪತ್ರಾ, ತಗಡು. ಕಾರಿನ ಹೊಟ್ಟೆಯಡಿಗೆ ಕಟ್ಟಿರುವ ತಗಡುಗಳು. ಕಾಢೀ, ತೆಗೆದು. ನಾಖೋ, ಹಾಕಿ. ಇದರಲ್ಲಿ ತಿಳಿಯದೆ ಹೋಗಲು ಏನಿದೆ? ತಲೆಯಾಡಿಸಿದೆ.

ವಡೋದರಾಕ್ಕೆ ಆ ಕಾರನ್ನು ಓಡಿಸಿಕೊಂಡು ಹೋದದ್ದು ನನ್ನ ಜೀವನದ ಏಕೈಕ ಸಾಹಸ. ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಎಣ್ಣೆಯ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿತ್ತು, ಅದರೊಂದಿಗೆ ನನ್ನ ರಕ್ತದೊತ್ತಡವೂ. ಲಾರಿಯವರು ಕಿಟಕಿಯಿಂದ ಬಗ್ಗಿ ನೋಡಿ, ಇಂಥ ಕಾರಿನಲ್ಲಿ ಎತ್ತಿನ ಗಾಡಿಯ ವೇಗದಲ್ಲಿ ಹೋಗುತ್ತಿರುವ ಮುದುಕನನ್ನು ಕಂಡು ನಗುತ್ತಿದ್ದರು. ಇರ್ಫಾನ್‌ಭಾಯಿ ಮಾತುಗಾರ. "ಸಾಹೇಬ್, ಗಾಳಿ ಮೇಲಿಂದ ಬಂದು ಇಂಜಿನ್ನಿಗೆ ಬಡಿದು ಕೆಳಗಿನಿಂದ ಹೋಗಬೇಕು. ಕೆಳಗೇ ತಗಡು ಕಟ್ಟಿದರೆ ಹೋಗುವುದೆಲ್ಲಿ? ಸದ್ದಾದರೆ ನೆರೆಯವರು ಬೈತಾರೆ ಅಂತ ಜರ್ಮನಿಯವರು ಇದನ್ನು ಹಾಕಿದ್ದು. ನಮ್ಮಲ್ಲಿ ಬೈಯೋರು ಹ್ಯಾಗೂ ಬೈತಾರೆ. ಬಿಚ್ಚಿ ಮನೇಲಿಟ್ಟುಕೊಳ್ಳಿ" ಎಂದ. ನಾನು ಮಾಲೀಕರ ಪ್ರತಿನಿಧಿ. "ಬಿಚ್ಚಬೇಕು, ಶುಚಿ ಮಾಡಬೇಕು, ಮತ್ತೆ ಹಾಕಬೇಕು. ಅವರು ಸ್ಪಷ್ಟವಾಗಿ ಹೇಳಿದ್ದಾರೆ" ಎಂದೆ. ಅವನು ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಮೂವತ್ತು ವರ್ಷ ವಿಮೆಯ ಅರ್ಜಿಗಳನ್ನು ತಿರಸ್ಕರಿಸಿದ ಗಾಂಭೀರ್ಯವಿದೆ, ಅವನು ವಾದಿಸಲಿಲ್ಲ. ತಗಡುಗಳನ್ನು ತೊಳೆದು, ಕಪ್ಪು ಬಣ್ಣ ಹೊಡೆದು, ಎಲ್ಲ ಬೋಲ್ಟುಗಳನ್ನೂ ಬಿಗಿದು ಕಳಿಸಿದ.

ಮರಳಿ ಬಂದು, ಕಾರನ್ನು ಹರ್ಷದಭಾಯಿಯ ಕಿಟಕಿಯ ನೇರ ಕೆಳಗೆ ನಿಲ್ಲಿಸಿ, ಸ್ವಲ್ಪ ಹೊತ್ತು ಇಂಜಿನ್ ಓಡಿಸಿ, ವಿಜಯಿಯಾಗಿ ಮೇಲೆ ಹೋದೆ. ಹೇತಲ್ ತಂದೆಯನ್ನು ದಿಂಬಿಗೆ ಒರಗಿಸಿ ಕಿಟಕಿ ತೆರೆದಿಟ್ಟಿದ್ದಳು.

"ಯಾವಾಗ ಚಾಲೂ ಮಾಡ್ತೀರಿ?" ಎಂದು ಅವರು ಕೇಳಿದರು.

"ಮಾಡಿ, ಆರಿಸಿ, ಮೇಲೆ ಬಂದೆನಲ್ಲ!"

ಅವರು ಮಗಳ ಮುಖ ನೋಡಿದರು. ಮಗಳು ನನ್ನ ಮುಖ ನೋಡಿದಳು. "ಅಂಕಲ್, ಪತರಾ ತೆಗೆಸಿದಿರಲ್ಲ?" ಎಂದು ಹಿಂದಿಯಲ್ಲಿ ಕೇಳಿದಳು.

"ತೆಗೆಸಿದೆ. ಹಾಕಿಸಿದೆ. ಬಣ್ಣ ಬೇರೆ ಹೊಡೆಸಿದೆ."

ಆಗ ಹರ್ಷದಭಾಯಿ, ಕಂದನಿಗೆ ಹೇಳುವಂತೆ ಹಿಂದಿಯಲ್ಲಿ ಬಿಡಿಸಿ ಹೇಳಿದರು. 'ಕಾಢೀ ನಾಖೋ' ಎಂದರೆ ಕಿತ್ತುಹಾಕಿ ಎಂದು. ಆ ತಗಡುಗಳು ಇಂಜಿನ್ನಿನ ದನಿಯನ್ನು ಹೊಟ್ಟೆಯೊಳಗೇ ಹಿಡಿದಿಡುತ್ತವೆ. ಅವು ಇಲ್ಲದಿದ್ದರೆ ದನಿ ಮೂರನೆಯ ಮಹಡಿಗೂ ಬರುತ್ತದೆ. ತಾನಿನ್ನು ಕೆಳಗಿಳಿಯುವವನಲ್ಲ, ಒಂದು ಸಲ ಕೇಳಬೇಕು, ಅಷ್ಟೇ. ಆ ಸಂಜೆ ಅವರು ತಡೆತಡೆದು ಹೇಳಿದ್ದು ಇದನ್ನೇ. ಹೇಳಿ ಮುಗಿಸಿ ನಗತೊಡಗಿದರು. "ದೇಸಾಯಿಭಾಯಿ, ಇಷ್ಟು ವರ್ಷ ನಾನು ಯಾರ ಹತ್ತಿರ ಮಾತಾಡುತ್ತಿದ್ದೆ?" ಎಂದರು. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಹೇತಲ್ ನನ್ನನ್ನು ಮೆಲ್ಲಗೆ ಹೊರಗೆ ಕಳಿಸಿದಳು.

ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಕ್ಷಮೆಯುಂಟು. ಕನ್ನಡಿಗನಿಗೆ ಇಲ್ಲ. ನಮ್ಮಲ್ಲೂ 'ತೆಗೆದುಹಾಕು' ಎಂದೇ ಹೇಳುತ್ತೇವೆ. ನೌಕರಿಯಿಂದ ತೆಗೆದುಹಾಕಿದವನನ್ನು ತೊಳೆದು ಬಣ್ಣ ಬಳಿದು ಮತ್ತೆ ಅದೇ ಕುರ್ಚಿಗೆ ಹಾಕುವುದಿಲ್ಲ.

ಇರ್ಫಾನ್‌ಭಾಯಿ ಮದುವೆಗೆಂದು ಊರು ಬಿಟ್ಟಿದ್ದ. ಅವನು ಬರುವ ತನಕ ಕಾಯಬಹುದಿತ್ತು, ನನಗೆ ಸಮಯವಿತ್ತು. ಮರುದಿನ ಬೆಳಿಗ್ಗೆ ನಾನೇ ಬೋಲ್ಟು ಬಿಚ್ಚುವ ಪಾನಾ ಹಿಡಿದು ಕೆಳಗಿಳಿದೆ. ಸುಮಿತ್ರಾ ಹಿಂದೆಯೇ ಬಂದಳು.

"ಅಲ್ರೀ, ಮನ್ಯಾಗ ಒಂದು ಬಲ್ಬ್ ತಗದು ಹಾಕ್ರಿ ಅಂದ್ರ ಇಲೆಕ್ಟ್ರಿಶಿಯನ್‌ನ ಕರಸವ್ರು ನೀವು. ಈಗ ಕಾರಿನ ಬುಡಕ ಹೊಂಟೀರಿ!"

"ನೀ ಸುಮ್ನ ಟಾರ್ಚ್ ಹಿಡಿ."

"ಹಿಡೀತೀನಿ. ಒಳಗ ಹೋಗೋದು ನಿಮ್ಮ ಕೈಯಾಗೈತಿ, ಹೊರಗ ಬರೋದು ಯಾರ ಕೈಯಾಗೈತಿ?"

ನ್ಯಾಯವಾದ ಪ್ರಶ್ನೆ. ಕಾರು ನೆಲಕ್ಕೆ ಅಂಟಿಕೊಂಡಂತೆ ನಿಲ್ಲುವ ಜಾತಿಯದು. ಹಿಂದಿನ ಚಕ್ರಗಳನ್ನು ಕಬ್ಬಿಣದ ಇಳಿಜಾರಿನ ಮೇಲೆ ಹತ್ತಿಸಿದರೂ ನನ್ನ ಹೊಟ್ಟೆಗೂ ಅದರ ಹೊಟ್ಟೆಗೂ ಅಂತರ ಅಷ್ಟಕ್ಕಷ್ಟೇ. ಇರ್ಫಾನ್‌ಭಾಯಿ ಬೋಲ್ಟುಗಳನ್ನು ಜನ್ಮಾಂತರಕ್ಕೂ ಬಿಚ್ಚದಂತೆ ಬಿಗಿದಿದ್ದ. ಬಿಗಿ ಎಂದವನೂ ನಾನೇ. ಕಣ್ಣಿಗೆ ಮಣ್ಣು, ಕನ್ನಡಕಕ್ಕೆ ಎಣ್ಣೆ. ಮೊಣಕೈ ತರಚಿತು. ಊಟದ ಹೊತ್ತಿಗೆ ಕೊನೆಯ ತಗಡು ಎದೆಯ ಮೇಲೆ ಬಿತ್ತು. ಸುಮಿತ್ರಾ ಮತ್ತು ಕಾವಲುಗಾರ ತಲಾ ಒಂದು ಕಾಲು ಹಿಡಿದು ನನ್ನನ್ನು ಹೊರಗೆಳೆದರು.

ಕೀಲಿ ತಿರುಗಿಸಿದೆ. ಕಟ್ಟಡದ ಪಾರಿವಾಳಗಳೆಲ್ಲ ಎದ್ದವು. ಸೊಸೈಟಿಯ ಕಾರ್ಯದರ್ಶಿ ಬನಿಯನ್ನಿನಲ್ಲೇ ಇಳಿದು ಬಂದು ನಿಯಮಗಳನ್ನು ಹೇಳತೊಡಗಿದರು. ಸದ್ದಿನಲ್ಲಿ ಅವರ ಬಾಯಿ ಮಾತ್ರ ಆಡುತ್ತಿತ್ತು. ನಾನು ಗಂಭೀರವಾಗಿ ತಲೆಯಾಡಿಸಿದೆ. ಆಮೇಲೆ ಮೇಲಕ್ಕೆ ಓಡಿದೆ. ಹೇತಲ್ ಬಾಗಿಲಲ್ಲೇ ತುಟಿಗೆ ಬೆರಳಿಟ್ಟಳು. "ಈಗಷ್ಟೇ ಇಂಜೆಕ್ಷನ್ ಕೊಟ್ಟರು ಅಂಕಲ್. ನಿದ್ದೆ ಹತ್ತಿದೆ."

ಸಂಜೆ ಹೋದಾಗ ಎಚ್ಚರವಾಗಿದ್ದರು. ನನ್ನ ಮೊಣಕೈಯ ಪಟ್ಟಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು. "ಸಾಂಭಳ್ಯು, ದೇಸಾಯಿಭಾಯಿ" ಎಂದರು. ಕೇಳಿಸಿತು ಎಂದು. "ಕೋಕಿಲಾ ಕಿವಿ ಮುಚ್ಚಿಕೊಂಡಿದ್ದಳಲ್ಲ, ಅದೇ ಸದ್ದು. ಮಜಾ ಆವೀ ಗಯೀ." ಹೇತಲ್ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆ ಗುಜರಾತಿಯಲ್ಲಿ ನನಗೆ ತಿಳಿಯದ ಶಬ್ದ ಒಂದೂ ಇರಲಿಲ್ಲ. ನಾಳೆ ಬೆಳಿಗ್ಗೆ, ನಿಮಗೆ ಎಚ್ಚರವಿದ್ದಾಗ, ಇನ್ನೊಮ್ಮೆ ಚಾಲೂ ಮಾಡುತ್ತೇನೆ ಎಂದೆ. ಬೆಳಿಗ್ಗೆ ಲಿಫ್ಟಿನಿಂದ ಇಳಿದವನೇ ಚಾಲೂ ಮಾಡಲು ಸುಲಭವಾಗಲೆಂದು ಕಾರನ್ನು ಅದರ ಬಾಗಿಲ ಎದುರಿಗೇ ತಂದು ನಿಲ್ಲಿಸಿದೆ.

ಬೆಳಿಗ್ಗೆ ಕೀಲಿ ಹಿಡಿದು ಇಳಿದಾಗ ಅದರ ಹಿಂದೆ ಆಂಬುಲೆನ್ಸ್ ನಿಂತಿತ್ತು. ಹರ್ಷದಭಾಯಿಯನ್ನು ಆಗಲೇ ಲಿಫ್ಟಿನಿಂದ ಇಳಿಸಿದ್ದರು. ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕ್, ಕಣ್ಣು ಮುಚ್ಚಿತ್ತು. ನಾನು ನಿಲ್ಲಿಸಿದ್ದ ಕಾರು ಅಡ್ಡ. "ತೆಗೀರಿ, ತೆಗೀರಿ!" ಎಂದು ಎಲ್ಲರೂ ಕೂಗಿದರು. ನಾನು ಚಾಲೂ ಮಾಡಿದೆ. ತಗಡಿಲ್ಲದ ಆ ಇಂಜಿನ್ನು ಅವರ ಸ್ಟ್ರೆಚರಿನಿಂದ ನಾಲ್ಕು ಮಾರು ದೂರದಲ್ಲಿ ತನ್ನ ಪೂರ್ತಿ ದನಿ ತೆಗೆಯಿತು. ಗಡಿಬಿಡಿಯಲ್ಲಿ ಗೇರು ಬೀಳಲಿಲ್ಲ, ಆದ್ದರಿಂದ ಸದ್ದು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತೇ ಆಯಿತು. ಕಾರ್ಯದರ್ಶಿಯವರು ನನ್ನನ್ನು ಈಗಲೂ ಮಾತಾಡಿಸುವುದಿಲ್ಲ. ಹರ್ಷದಭಾಯಿ ಅದನ್ನು ಕೇಳಿದರೋ ಇಲ್ಲವೋ ಎಂದು ಅವರನ್ನು ಕೇಳಲು ನನಗಾಗಲಿಲ್ಲ.

ಅವರು ಆ ರಾತ್ರಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಕಾರನ್ನು ಮಳೆಗಾಲಕ್ಕೆ ಮುಂಚೆ ಸೂರತ್ತಿನ ಒಬ್ಬರು ಕೊಂಡು, ಲಾರಿಯ ಮೇಲೇರಿಸಿಕೊಂಡು ಹೋದರು. ತಗಡುಗಳು ಬೇಡವೆಂದರು. ಅವು ನಮ್ಮ ಬಾಲ್ಕನಿಯಲ್ಲಿವೆ. ಸುಮಿತ್ರಾ ಅವುಗಳ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಒಣಗಿಸುತ್ತಾಳೆ.