ಮಗನನ್ನು ಕೊಟ್ಟರು, ಪಾಸ್‌ವರ್ಡ್ ಕೊಡಲಿಲ್ಲ

ಸೊಸೆ: ಕೊಡಲ್ಲ ಅಂತ ಕಾಗದದಲ್ಲಿ ಬರೆದು ಬಾಗಿಲಿಗೆ ಅಂಟಿಸಿಬಿಡಿ ಸರ್. ದಿನಾ ನಾಲ್ಕು ಮಹಡಿ ಹತ್ತಿ ಬಂದು ಕೇಳಿಸ್ಕೊಳ್ಳೋ ಕೆಲಸ ಉಳಿಯುತ್ತೆ.

ಮಾವ: ದಿನಾ ಕೇಳೋಕೆ ನಾಚಿಕೆ ಇಲ್ಲದವರಿಗೆ ದಿನಾ ಇಲ್ಲ ಅನ್ನೋಕೆ ನನಗ್ಯಾಕೆ ಬೇಸರ?

ಸೊಸೆ: ಸರ್ವರ್ ದಿನಾ ಬೀಳುತ್ತೆ, ಅದಕ್ಕೆ ದಿನಾ ಬರ್ತೀನಿ. ಅದಕ್ಕೆ ವಾರಕ್ಕೊಂದು ಸಲ ಬೀಳು ಅಂತ ಹೇಳಿ, ನಾನೂ ವಾರಕ್ಕೊಂದು ಸಲ ಬರ್ತೀನಿ.

ಇದು ನಗರ ಗ್ರಂಥಾಲಯದ ಮೇಲಿನ ಮಹಡಿ. ಕಿಟಕಿ ಇಲ್ಲದ ಕೋಣೆ, ಒಳಗೆ ಬೀರುವಿನಂಥ ಮೂರು ಯಂತ್ರಗಳು, ಅವುಗಳ ಮುಂದೆ ಮಾವನ ಕುರ್ಚಿ. ಯಂತ್ರಗಳ ಹಿರಿಯ ಮೇಲ್ವಿಚಾರಕರು ಅವರೇ. ಆ ಯಂತ್ರಗಳಲ್ಲಿ ಏನು ಬೇಕಾದರೂ ಮಾಡಬಲ್ಲ ಖಾತೆ ಒಂದೇ ಒಂದು. ಅದರ ಹೆಸರು ರೂಟ್, ಅಂದರೆ ಬೇರು. ಅದರ ಪಾಸ್‌ವರ್ಡ್ ಮಾವನ ತಲೆಯಲ್ಲಿ ಬಿಟ್ಟು ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ.

ಸೊಸೆ ಕೆಳಮಹಡಿಯ ತಂತ್ರಜ್ಞೆ. ಮೊದಲು ಅವಳು ಬರೀ ತಂತ್ರಜ್ಞೆಯಾಗಿದ್ದಳು. ಅವಳ ಕೆಲಸದ ಅಚ್ಚುಕಟ್ಟು ನೋಡಿ, ಇಂಥ ಹುಡುಗಿ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂತ ಮಾವನೇ ಓಡಾಡಿ ಮಗನಿಗೆ ತಂದುಕೊಂಡರು. ಕಚೇರಿಯಲ್ಲಿ ಅದೊಂದು ಗಾದೆಯೇ ಆಗಿಹೋಗಿತ್ತು: ಅವಳನ್ನು ನಂಬಿ ಮಗನನ್ನು ಕೊಟ್ಟರು, ಪಾಸ್‌ವರ್ಡ್ ಕೊಡಲಿಲ್ಲ. ಕಚೇರಿಯಲ್ಲಿ ಅವಳು 'ಸರ್' ಅನ್ನುತ್ತಿದ್ದಳು, ಮನೆಯಲ್ಲಿ 'ಮಾವ' ಅನ್ನುತ್ತಿದ್ದಳು. ಸಿಟ್ಟು ಬಂದಾಗ ಇದು ಅದಲುಬದಲಾಗುತ್ತಿತ್ತು.

ಬೀಳುತ್ತಿದ್ದದ್ದು ಮಾತಾಡುವ ಪುಸ್ತಕಗಳ ಸರ್ವರ್. ಕಣ್ಣು ಕಾಣದವರು ಮನೆಯಲ್ಲೇ ಕೂತು ಪುಸ್ತಕ ಕೇಳುವ ಸೌಕರ್ಯ ಅದು. ಹೊಸ ಕಾದಂಬರಿಗಳನ್ನು ಸೇರಿಸಿದಾಗಿನಿಂದ ದಿನಾ ಮಧ್ಯಾಹ್ನ ಮೂರರ ಹೊತ್ತಿಗೆ ಅದು ನಿಂತುಹೋಗುತ್ತಿತ್ತು. ಮಾವ ಹೋಗಿ ಮತ್ತೆ ಓಡಿಸಿದರೆ ಅಧ್ಯಾಯ ಮೊದಲಿನಿಂದ ಶುರುವಾಗುತ್ತಿತ್ತು. ನಿವೃತ್ತ ಸಂಗೀತದ ಮೇಷ್ಟರೊಬ್ಬರು ಫೋನ್ ಮಾಡಿ, ವಾರದಿಂದ ಕಥಾನಾಯಕಿ ಬಾಗಿಲು ತಟ್ಟುತ್ತಾ ನಿಂತಿದ್ದಾಳೆ, ನಿಮ್ಮಲ್ಲಿ ಯಾರಿಗಾದರೂ ಕರುಣೆ ಇದ್ದರೆ ತೆಗೆಯಿರಿ ಅಂದಿದ್ದರು. ಇಂಥ ಫೋನುಗಳು ಹೆಚ್ಚಾಗಿ, ತಿಂಗಳೊಳಗೆ ಸರಿಯಾಗದಿದ್ದರೆ ಆ ಸೌಕರ್ಯವನ್ನೇ ಮುಚ್ಚುತ್ತೇನೆ ಅಂತ ನಿರ್ದೇಶಕರು ಹೇಳಿಬಿಟ್ಟರು.

ಮಧ್ಯಾಹ್ನ ಕೇಳುವವರು ಜಾಸ್ತಿ, ಹಳೇ ಯಂತ್ರ ಭಾರ ತಡೆಯಲ್ಲ ಅನ್ನೋದು ಮಾವನ ವಾದ. ಊಹೆ ಸಾಕು, ಯಂತ್ರಗಳನ್ನು ಕ್ಷಣಕ್ಷಣವೂ ಕಾಯುವ ನಿರ್ವಹಣಾ ತಂತ್ರಾಂಶ ಹಾಕೋಣ, ಏನಾಗುತ್ತೆ ಅಂತ ಅದೇ ಹೇಳುತ್ತೆ ಅನ್ನೋದು ಸೊಸೆಯ ವಾದ. ಆದರೆ ಆ ತಂತ್ರಾಂಶದ ಸಿದ್ಧ ರೂಪವನ್ನು ಯಂತ್ರದೊಳಗೆ ಕೂರಿಸಬೇಕಾದರೆ ರೂಟ್ ಬೇಕು.

ಮಾವ: ಇವತ್ತು ನಿನಗೆ ಕೊಡ್ತೀನಿ. ನಾಳೆ ಮುದ್ರಣ ವಿಭಾಗದವನು ಕೇಳ್ತಾನೆ. ನಾಡಿದ್ದು ಕಸ ಗುಡಿಸೋರೂ ಬರ್ತಾರೆ.

ಸೊಸೆ: ಅವರಿಗೆ ಖಂಡಿತ ಕೊಡಿ. ಅವರು ಗುಡಿಸೋದಾದರೂ ಗುಡಿಸ್ತಾರೆ. ನನಗೆ ನಿಮ್ಮ ಬೇರೂ ಬೇಡ, ಕೊಂಬೆಯೂ ಬೇಡ ಮಾವ. ಅದರ ಮೂಲ ಬರಹ, ಸೋರ್ಸ್, ಪುಕ್ಕಟೆ ಸಿಗುತ್ತೆ. ನಾನೇ ತಂದು, ನಾನೇ ಕಟ್ಟಿ, ಯಂತ್ರದಲ್ಲಿ ನನ್ನ ಖಾತೆಗಿರೋ ಜಾಗ, ಆ ಹೋಮ್ ಒಳಗೇ ಇಟ್ಕೋತೀನಿ.

ಮಾವ: ಬೇರಿಲ್ಲದೆ ಗಿಡ ನೆಡ್ತೀಯ?

ಸೊಸೆ: ನೆಡಲ್ಲ. ಕುಂಡದಲ್ಲಿ ಇಟ್ಕೋತೀನಿ. ನಿಮ್ಮ ಮಣ್ಣು ನಿಮಗೇ ಇರಲಿ.

ಕಚೇರಿಯಲ್ಲಿ 'ಮಾವ' ಅಂದಳಲ್ಲ, ಸಿಟ್ಟು ಬಂದಿದೆ ಅಂತ ಮಾವ ಒಂದು ಮೆಟ್ಟಿಲು ಇಳಿದರು. ಕಟ್ಟಿಕೋ, ಆದರೆ ಒಂದೇ ಒಂದು ಕಡತಕ್ಕೂ ನನ್ನ ಹತ್ತಿರ ಬರಬಾರದು ಅಂತ ಷರತ್ತು ಹಾಕಿ, ತಮಾಷೆ ನೋಡಲು ಕುರ್ಚಿಯನ್ನೇ ಕೆಳಮಹಡಿಗೆ ತರಿಸಿಕೊಂಡರು.

ತಮಾಷೆಗೇನೂ ಕೊರತೆಯಾಗಲಿಲ್ಲ. ಮೊದಲ ಸಲ, ಎಲ್ಲಿ ಹೋಗಿ ಕೂರಬೇಕು ಅಂತ ಹೇಳುವುದನ್ನೇ ಅವಳು ಮರೆತಳು. ತಂತ್ರಾಂಶ ನೇರವಾಗಿ ಎಲ್ಲರಿಗೂ ಸೇರಿದ ಜಾಗಕ್ಕೆ ನುಗ್ಗಲು ನೋಡಿತು, ಯಂತ್ರ ಅನುಮತಿ ಇಲ್ಲ ಅಂದಿತು. ಯಂತ್ರಕ್ಕಿರೋ ಮರ್ಯಾದೆ ಕೆಲವು ಮನುಷ್ಯರಿಗಿಲ್ಲ ಅಂತ ಮಾವ ಮೇಲ್ಛಾವಣಿಗೆ ಹೇಳಿದರು. ಅವಳು ತನ್ನ ಹೋಮ್‌ನ ವಿಳಾಸ ಕೊಟ್ಟು ಮತ್ತೆ ಶುರುಮಾಡಿದಳು. ಈಗ ಅದಕ್ಕೆ ಇನ್ನೊಂದು ಲೈಬ್ರರಿ, ಅಂದರೆ ಆಸರೆಯ ತಂತ್ರಾಂಶ, ಬೇಕಂತೆ. ಇಡೀ ಲೈಬ್ರರಿಯಲ್ಲೇ ಕೂತಿದ್ದೀಯಲ್ಲಮ್ಮ, ಒಂದನ್ನ ತೆಗೆದು ಕೊಡು ಅಂದರು ಮಾವ. ಅದನ್ನೂ ಸೋರ್ಸ್‌ನಿಂದ ಕಟ್ಟಲು ಹೋದರೆ ಅದಕ್ಕೆ ಮತ್ತೊಂದು ಬೇಕಿತ್ತು. ಮುನಿಸಿಕೊಂಡ ಬೀಗರ ಹಾಗೆ ಒಬ್ಬರನ್ನು ಕರೆದರೆ ಅವರು ಇನ್ನೊಬ್ಬರನ್ನು ಕರೆಯಿರಿ ಅನ್ನುತ್ತಿದ್ದರು. ಕೊನೆಗೆ ಎಲ್ಲರನ್ನೂ ಕರೆದು ಅವಳು ತನ್ನ ಹೋಮ್‌ನಲ್ಲೇ ಕೂರಿಸಿದಳು. ಅಷ್ಟು ಹೊತ್ತಿಗೆ ಕಚೇರಿ ಮುಚ್ಚುವ ವೇಳೆಯಾಯಿತು. ಕಟ್ಟುವ ಕೆಲಸ ಇನ್ನೂ ಮುಗಿದಿರಲಿಲ್ಲ.

ಜಗಳವನ್ನು ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ತಂದರು. ಊಟದ ಮೇಜಿನಲ್ಲಿ ಅದು ಮುಂದುವರಿಯಿತು. ಮಗ, ಅಂದರೆ ಸೊಸೆಯ ಗಂಡ, ಈಜು ಕಲಿಸುವವನು. ನೀರಿನೊಳಗೆ ಉಸಿರು ಕಟ್ಟಿಕೊಂಡಿರುವ ಅಭ್ಯಾಸ ಅವನಿಗೆ ಮನೆಯಲ್ಲೇ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು. ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ನಲ್ಲಿ ಬಿಟ್ಟಾಗ ನೀರಿನ ಸದ್ದು, ನಿಲ್ಲಿಸಿದಾಗ ಇವರ ಮಾತು.

ಸೊಸೆ: ನನ್ನ ಹೋಮ್ ನನಗಾಯ್ತು ಸರ್. ಅಲ್ಲಿ ನಾನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

ನೀರಿನ ಸದ್ದು.

ಮಾವ: ಬೇರು ಬೇಡ, ಬೇರು ಬೇಡ ಅಂತ ಎಷ್ಟು ದಿನ ನಡೆಸ್ತೀಯೋ ನೋಡ್ತೀನಿ.

ಅತ್ತೆಯ ಕಿವಿಗೆ 'ಬೇರು' ಬಂದು ಮುಟ್ಟುವಷ್ಟರಲ್ಲಿ 'ಬೇರೆ' ಆಗಿತ್ತು. ಅವರು ನಲ್ಲಿಯನ್ನು ಪೂರ್ತಿ ನಿಲ್ಲಿಸಿದರು.

ಸೊಸೆ: ದಿನಾ ಮೂರು ಗಂಟೆ ಆದ್ರೆ ಬಿದ್ಕೊಳ್ಳುತ್ತೆ. ಯಾರಾದ್ರೂ ಹೋಗಿ ಎಬ್ಬಿಸೋವರೆಗೂ ಏಳಲ್ಲ. ಅದಕ್ಕೆ ಕಾರಣ ಹುಡುಕೋದು ತಪ್ಪಾ?

ಮಾವ: ಕಾರಣ ಏನ್ ಬಂತು, ವಯಸ್ಸಾಗಿದೆ. ಒಂದು ಕಾಲದಲ್ಲಿ ಎಷ್ಟು ಚುರುಕಾಗಿತ್ತು. ಹೊಸದು ತರೋಣ ಅಂದ್ರೆ ನಮ್ಮ ಕೈಯಲ್ಲಿ ಆಗಲ್ಲ. ಇರೋದರಲ್ಲೇ ದಿನ ದೂಡಬೇಕು.

ಅತ್ತೆ ದಿನಾ ಮೂರು ಗಂಟೆಗೆ ಒಂದು ನಿದ್ದೆ ಮಾಡುತ್ತಿದ್ದರು. ಅವರು ಹೊರಗೆ ಬರಲಿಲ್ಲ. ಪಾತ್ರೆಗಳನ್ನು ಮಾತ್ರ ಸ್ವಲ್ಪ ಜೋರಾಗಿ ಜೋಡಿಸಿದರು.

ಮರುದಿನ ಬೆಳಿಗ್ಗೆ ಸೊಸೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅತ್ತೆ ಅವಳನ್ನು ಪಕ್ಕಕ್ಕೆ ಕರೆದರು.

ಅತ್ತೆ: ನಿನ್ನ ಹೋಮ್‌ನಲ್ಲಿ ಜಾಗ ಎಷ್ಟಿದೆ?

ಸೊಸೆಗೆ ಸಂತೋಷವಾಯಿತು. ಈ ಮನೆಯಲ್ಲಿ ಅವಳ ಕೆಲಸದ ಬಗ್ಗೆ ವ್ಯಂಗ್ಯವಿಲ್ಲದೆ ಕೇಳಿದವರು ಇವರೊಬ್ಬರೇ.

ಸೊಸೆ: ಜಾಸ್ತಿ ಇಲ್ಲ ಅತ್ತೆ. ಮಾವ ಅಳತೆ ಮಾಡಿ ಕೊಟ್ಟಿದ್ದಾರೆ. ಹಳೇದು, ಬೇಡದ್ದು ಎಲ್ಲಾ ತೆಗೆದು ಬಿಸಾಕಿದ್ರೆ ಸಾಕಾಗುತ್ತೆ.

ಅತ್ತೆ: ಹಳೇದು ಅಂದ್ರೆ ನಾನೂ ಸೇರಿದ್ನಾ?

ಬಾಗಿಲ ಹಿಂದೆ ಒಂದು ಚೀಲ ತುಂಬಿ ನಿಂತಿತ್ತು. ಅದರ ಮೇಲೆ ಅತ್ತೆಯ ಛತ್ರಿ, ಮಾತ್ರೆಯ ಡಬ್ಬಿ. ನೀನು ಬೇರೆ ಮನೆ ಮಾಡುವುದಕ್ಕೆ ನನ್ನ ಅಭ್ಯಂತರವಿಲ್ಲ ಅಂತ ಅತ್ತೆ ಶಾಂತವಾಗಿ ವಿವರಿಸಿದರು. ನಾನೂ ಬರ್ತೀನಿ, ಮೂಲೆಯಲ್ಲಿ ಒಂದು ಮಂಚ ಸಾಕು. ಹೊಸಬಳನ್ನು ತರೋಕೆ ಕೈಲಾಗಲ್ಲ ಅಂತ ಮಗನ ಮುಂದೆ ಪೇಚಾಡೋ ಗಂಡಸಿನ ಜೊತೆ ಇನ್ನು ಇರೋಕಾಗಲ್ಲ.

ಸೊಸೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹೋಮ್ ಅಂದರೆ ಯಂತ್ರದೊಳಗಿನ ಜಾಗ, ಬೀಳುವುದು ಸರ್ವರ್, ವಯಸ್ಸಾಗಿರುವುದು ಅದಕ್ಕೆ ಅಂತ ಬಿಡಿಸಿ ಹೇಳುವಾಗ ನಗು ತಡೆಯಲು ಕಷ್ಟಪಟ್ಟಳು. ಅತ್ತೆಗೆ ಅರ್ಥವಾಯಿತು. ಆದರೆ ಚೀಲ ಬಿಚ್ಚಲಿಲ್ಲ.

ಅತ್ತೆ: ಯಂತ್ರದ ಬಗ್ಗೆನೇ ಅಂದಿರಲಿ. ಅಷ್ಟು ಸಲೀಸಾಗಿ ಅಂದ್ರಲ್ಲ. ಸಂಜೆವರೆಗೆ ಇದು ಇಲ್ಲೇ ಇರಲಿ. ನೋಡಿ ಒಂದು ಗುಟುಕು ಭಯ ಕುಡೀಲಿ.

ಅಂದು ಮಧ್ಯಾಹ್ನಕ್ಕೆ ಮುಂಚೆ ತಂತ್ರಾಂಶ ಎದ್ದು ನಿಂತಿತು. ರೂಟ್ ಇಲ್ಲದೆ ಅದು ಯಾವುದನ್ನೂ ನಿಲ್ಲಿಸಲಾರದು, ಎಬ್ಬಿಸಲಾರದು. ಆದರೆ ಯಂತ್ರದಲ್ಲಿ ಯಾವ ಕೆಲಸ, ಯಾರ ಹೆಸರಲ್ಲಿ ನಡೆಯುತ್ತಿದೆ ಅನ್ನುವುದನ್ನು ಕಣ್ಣು ಮಿಟುಕಿಸದೆ ನೋಡಬಲ್ಲದು. ಅಷ್ಟೇನಾ, ಬೀದಿಯಲ್ಲಿ ನಿಂತು ಜಗಳ ನೋಡೋರೂ ಇಷ್ಟು ಮಾಡ್ತಾರೆ ಅಂದರು ಮಾವ. ಮೂರು ಗಂಟೆಗೆ ಸ್ವಲ್ಪ ಮುಂಚೆ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.

ಮೂರಾಯಿತು. ಪರದೆಯಲ್ಲಿ ಮಾತಾಡುವ ಪುಸ್ತಕಗಳ ಸಾಲು ಕೆಂಪಾಯಿತು. ಅದರ ಪಕ್ಕದಲ್ಲೇ ಒಂದು ಹೊಸ ಸಾಲು ಮಿಂಚಿ ಮಾಯವಾಯಿತು. ಬರಿಗಣ್ಣಿಗೆ ಅದು ಸಿಗುವಂಥದ್ದಲ್ಲ. ತಂತ್ರಾಂಶ ಮಾತ್ರ ಹಿಡಿದಿಟ್ಟುಕೊಂಡಿತ್ತು.

ಸೊಸೆ: ಸರ್, 'ಶುಚಿ' ಅಂದ್ರೆ ಏನು?

ಮಾವ: ಶುಚಿ ಅಂದ್ರೆ ಕೊಳೆ ಇಲ್ಲದ್ದು. ಅದನ್ನೂ ನಾನೇ ಹೇಳಿಕೊಡಬೇಕಾ?

ಸೊಸೆ: ಆ ಹೆಸರಿನದೊಂದು ಪ್ರೋಗ್ರಾಂ ಈಗ ಬಂತು. ಬಂದು ಪುಸ್ತಕಗಳ ಕತ್ತು ಹಿಸುಕಿ ಹೋಯ್ತು. ನಾನು ಅದನ್ನ ತೆರೆದು ನೋಡೋ ಹಾಗಿಲ್ಲ, ನನಗೆ ಅನುಮತಿ ಇಲ್ಲ. ಯಜಮಾನನ ಹೆಸರು ಮಾತ್ರ ಕಾಣ್ತಿದೆ.

ಮಾವ: ಯಾರು ಆ ಮುಠ್ಠಾಳ?

ಸೊಸೆ: ರೂಟ್.

ಮಾವ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಪರದೆಯಲ್ಲಿ ಹೆಸರು ಬದಲಾಗಿರಲಿಲ್ಲ. ಯಾವುದೋ ಕಾಲದಲ್ಲಿ, ಯಂತ್ರಗಳು ಚಿಕ್ಕವಾಗಿದ್ದಾಗ, ದಿನಾ ಮಧ್ಯಾಹ್ನ ಎಲ್ಲಕ್ಕಿಂತ ಹೆಚ್ಚು ಜಾಗ ತಿನ್ನುವ ಕೆಲಸವನ್ನು ಹುಡುಕಿ ಮುಗಿಸಿಬಿಡು ಅಂತ ಅವರೇ ಎರಡು ಸಾಲು ಬರೆದು 'ಶುಚಿ' ಅಂತ ಹೆಸರಿಟ್ಟಿದ್ದರು. ಬರೆದವರು ಮರೆತರು, ಯಂತ್ರ ಮರೆಯಲಿಲ್ಲ. ಹೊಸ ಕಾದಂಬರಿಗಳು ಬಂದ ಮೇಲೆ ಎಲ್ಲಕ್ಕಿಂತ ಹೆಚ್ಚು ತಿನ್ನುತ್ತಿದ್ದದ್ದು ಮಾತಾಡುವ ಪುಸ್ತಕಗಳೇ. ಮೂರು ಗಂಟೆಗೆ ತಾವೇ ಕೊಂದು, ಮೂರೂಕಾಲಿಗೆ ತಾವೇ ಓಡಿಬಂದು ಉಳಿಸಿ, ಇಷ್ಟು ದಿನ ಕಚೇರಿಯಿಂದ ಶಹಬ್ಬಾಸ್ ಪಡೆದಿದ್ದರು.

ಅವಳು ನಗಲಿಲ್ಲ. ನಕ್ಕಿದ್ದರೆ ಮಾವ ಒಂದು ಮಾತಾದರೂ ಆಡಬಹುದಿತ್ತು.

ಸೊಸೆ: ಅದನ್ನ ನಿಲ್ಲಿಸೋಕೆ ರೂಟ್ ಬೇಕು. ಕೇಳಬಾರದು ಅಂತ ಷರತ್ತಿದೆ. ಅದಕ್ಕೆ ಕೇಳ್ತಿಲ್ಲ ಸರ್.

ಮಾವ ಎದ್ದರು. ನಾಲ್ಕು ಮಹಡಿ ಹತ್ತಿ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಪುಸ್ತಕಗಳ ಸಾಲು ಹಸಿರಾಯಿತು. ಸಂಜೆ ಬಾಗಿಲ ಹಿಂದೆ ಚೀಲ ಕಂಡ ಮಾವ, ಅತ್ತೆಯನ್ನು ಒಪ್ಪಿಸಿ ಅದನ್ನು ಬಿಚ್ಚಿಸುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಮರುದಿನ ಮೂರು ಗಂಟೆಗೂ ಪುಸ್ತಕಗಳ ಸಾಲು ಹಸಿರಾಗಿಯೇ ಉಳಿಯಿತು. ಸಂಗೀತದ ಮೇಷ್ಟರು ಫೋನ್ ಮಾಡಿ, ಬಾಗಿಲು ತೆಗೆದರು, ಆದರೆ ತೆಗೆದವನು ಅಷ್ಟು ದಿನ ಕಾಯಿಸಿಕೊಳ್ಳುವ ಯೋಗ್ಯತೆಯವನಲ್ಲ, ಬೇರೆ ಪುಸ್ತಕ ಹಾಕಿ ಅಂದರು. ಸೌಕರ್ಯ ಉಳಿಯಿತು. ನಿರ್ದೇಶಕರ ಮುಂದೆ, ಕಂಡುಹಿಡಿದದ್ದು ನನ್ನ ಸೊಸೆ ಅಂತ ಮಾವನೇ ಹೇಳಿದರು. ಏನನ್ನು ಕಂಡುಹಿಡಿದಳು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಅವಳೂ ಹೇಳಲಿಲ್ಲ.

ನಿರ್ದೇಶಕರಿಗೆ ಹೇಳಿದ ದಿನ ಸಂಜೆ ಬಸ್ಸಿನಲ್ಲಿ ಮಾವ ಕಿಟಕಿಯ ಆಚೆ ನೋಡುತ್ತಾ, ನಿನ್ನ ತಂತ್ರಾಂಶ ಪರವಾಗಿಲ್ಲ, ಅದರಲ್ಲಿ ನನಗೂ ಒಂದು ಖಾತೆ ಮಾಡು ಅಂದರು. ಮಾಡ್ತೀನಿ ಅಂದಳು ಅವಳು. ಮನೆ ಸೇರಿ, ಚಪ್ಪಲಿ ಬಿಡುವಷ್ಟರಲ್ಲಿ ಫೋನಿನಿಂದಲೇ ಮಾಡಿಯೂ ಕೊಟ್ಟಳು. ಮಾವ ಸೋಫಾದಲ್ಲಿ ಕೂತು ತಮ್ಮ ಫೋನಿನಲ್ಲಿ ಅದನ್ನು ತೆರೆದು, ಅಲ್ಲಿ ಒತ್ತಿ, ಇಲ್ಲಿ ಒತ್ತಿ, ಕೊನೆಗೆ ತಲೆ ಎತ್ತಿದರು.

ಮಾವ: ಏನನ್ನ ಒತ್ತಿದ್ರೂ ಏನೂ ಆಗ್ತಿಲ್ವಲ್ಲ.

ಸೊಸೆ: ನಿಮ್ಮದು ನೋಡೋ ಖಾತೆ ಮಾವ. ಎಲ್ಲಾ ಕಾಣುತ್ತೆ, ಯಾವುದನ್ನೂ ಮುಟ್ಟೋ ಹಾಗಿಲ್ಲ.

ಮಾವ ನ್ಯಾಯಕ್ಕಾಗಿ ಹೆಂಡತಿಯ ಕಡೆ ತಿರುಗಿದರು. ಇಡೀ ಕಚೇರಿಯ ಯಂತ್ರಗಳನ್ನು ಸಾಕಿದವನಿಗೆ ನೋಡುವ ಹಕ್ಕು ಮಾತ್ರವಂತೆ, ಬಾಯಿ ಮುಚ್ಚಿಕೊಂಡು ನೋಡ್ತಾ ಕೂರಬೇಕಂತೆ, ಹಾಗೆ ಯಾರಿಗಾದರೂ ಇರಲು ಸಾಧ್ಯವಾ ಅಂತ ಕೇಳಿದರು.

ಅತ್ತೆ: ಮೊದಮೊದಲು ಕಷ್ಟ ಆಗುತ್ತೆ. ಆಮೇಲೆ ಮಗ ಹುಟ್ತಾನೆ, ಅವನು ದೊಡ್ಡವನಾಗ್ತಾನೆ, ಅಷ್ಟರಲ್ಲಿ ಅಭ್ಯಾಸ ಆಗಿಬಿಡುತ್ತೆ.